ಫಾರ್ವರ್ಡ್ ಮಾಡಬೇಕಿಲ್ಲದ ಚಿತ್ರ

ಮಗಳು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಮಾಡಿದ ಮೇಲೆ ನಮ್ಮ ಹಳೆಯ ಸಾಮಾನೆಲ್ಲ ಅವಳ ಗ್ಯಾರೇಜು ಸೇರಿದೆ. ಅವಳ ಕಾರು ಬಿಸಿಲಲ್ಲಿ ನಿಂತಿರುತ್ತದೆ, ನನ್ನ ರಟ್ಟಿನ ಪೆಟ್ಟಿಗೆಗಳು ನೆರಳಲ್ಲಿ ತಣ್ಣಗಿರುತ್ತವೆ. ಈ ಬಗ್ಗೆ ಅವಳು ತಿಂಗಳಿಗೊಮ್ಮೆ ಗೊಣಗುತ್ತಾಳೆ. ನಾನು ತಿಂಗಳಿಗೊಮ್ಮೆ ಒಂದು ಪೆಟ್ಟಿಗೆ ಬಿಚ್ಚಿ, ಧೂಳು ಕೊಡವಿ, ಮತ್ತೆ ಹಾಗೇ ಕಟ್ಟಿಡುತ್ತೇನೆ. ಮೊನ್ನೆ ಬಿಚ್ಚಿದಾಗ ಹಳೆಯ ವಿಡಿಯೋ ಕ್ಯಾಸೆಟ್ಟಿನ ಡಬ್ಬಿಯೊಂದರಿಂದ ಒಂದು ಚೀಟಿ ಉದುರಿತು. ಅಕ್ಷರ ನನ್ನದೇ. ತುಂಬ ಬರೀ ಅಂಕಿಗಳು: 0212–0219, 0640–0671, 1105–1130.

ಮೊಮ್ಮಗಳು ಎತ್ತಿಕೊಂಡು ನೋಡಿ, "ತಾತಾ, ಈಸ್ ದಿಸ್ ಯುವರ್ ಬಿ.ಪಿ.?" ಅಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

"ಇಷ್ಟು ಬಿ.ಪಿ. ಇದ್ದಿದ್ರೆ ನಿಮ್ಮ ತಾತ ಗೋಡೆ ಮೇಲೆ ಫೋಟೋ ಆಗಿರ್ತಿದ್ದ. ಇದು ಸಿನಿಮಾ ಚೀಟಿ ಕಣೇ" ಅಂದೆ. ಅವಳಿಗೆ ಅಷ್ಟೇ ಸಾಕಾಯಿತು, ಹೊರಟುಹೋದಳು. ನಿಮಗೆ ಅಷ್ಟು ಸಾಲದು ಎಂದು ನನಗೆ ಗೊತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದಲ್ಲಿ ಪರ್ತ್‌ನಲ್ಲಿ ನಾವು ಆರೇಳು ಕನ್ನಡದ ವೈದ್ಯರ ಕುಟುಂಬಗಳಿದ್ದೆವು. ಹಾಸನದವರು, ಮಂಗಳೂರಿನವರು, ಚಿತ್ರದುರ್ಗದವರು. ಗುಡಿಗೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು. ಶನಿವಾರ ಮಾತ್ರ ಎಲ್ಲರೂ ಮಕ್ಕಳ ಡಾಕ್ಟರ್ ಖಲೀಲನ ಮನೆಗೆ ಹೋಗುತ್ತಿದ್ದೆವು, ಯಾಕೆಂದರೆ ದೊಡ್ಡ ಟಿ.ವಿ. ಇದ್ದದ್ದು ಅಲ್ಲಿ. ಶನಿವಾರದ 'ಆರ್ವೋ' ಎಂದರೆ ಸಿನಿಮಾ. 'ಆಫ್ಟರ್‌ನೂನ್' ಎನ್ನುವಷ್ಟು ಉದ್ದದ ಮಾತು ಈ ದೇಶದವರ ಬಾಯಿಗೆ ಭಾರ, ಆ ಅಭ್ಯಾಸ ನಮಗೂ ಹತ್ತಿತ್ತು. ಹಿಂದಿ ಚಿತ್ರಗಳು ಮುಗಿದುಹೋದ ವಾರ ಇಂಗ್ಲಿಷ್ ಚಿತ್ರ. ಮಕ್ಕಳು ಮುಂದೆ ಕಾರ್ಪೆಟ್ಟಿನ ಮೇಲೆ, ಊರಿಂದ ಬಂದ ಅತ್ತೆ ಮಾವಂದಿರು ಸೋಫಾದ ಮೇಲೆ, ನಾವು ಗೋಡೆಗೊರಗಿ. ಇಂಥ ಕುಟುಂಬದ ನಡುವೆ ತೆರೆಯ ಮೇಲಿನ ಗಂಡು ಹೆಣ್ಣು ಹತ್ತಿರ ಹತ್ತಿರ ಬರತೊಡಗಿದರೆ ನಮ್ಮೆಲ್ಲರಿಗೂ ಒಟ್ಟಿಗೇ ಕೆಮ್ಮು ಬರುತ್ತಿತ್ತು.

ಆ ಕೆಮ್ಮಿಗೆ ಔಷಧವಾಗಿ ನನ್ನನ್ನು ನೇಮಿಸಿದರು. ನಾನು ಅರಿವಳಿಕೆ ವೈದ್ಯ. ಜನರಿಗೆ ಯಾವಾಗ ನಿದ್ದೆ ಬರಿಸಬೇಕು, ಯಾವಾಗ ಎಬ್ಬಿಸಬೇಕು ಎಂದು ತಿಳಿದವನಿಗೆ ಈ ಕೆಲಸ ಕಷ್ಟವಾಗಲಾರದು ಎಂದು ಖಲೀಲ್ ತೀರ್ಮಾನಿಸಿದ. ನನಗೆ ಗುರುವಾರ ರಜೆ. ಕ್ಯಾಸೆಟ್ಟು ತಂದು, ವಿ.ಸಿ.ಆರ್. ಮುಂದಿನ ಪುಟ್ಟ ಅಂಕಿಯಂತ್ರವನ್ನು ಸೊನ್ನೆಗೆ ತಂದು, ಪೆನ್ನು ಹಿಡಿದು ಒಬ್ಬನೇ ಪೂರ್ತಿ ನೋಡಬೇಕು. ಎಲ್ಲಿಂದ ಎಲ್ಲಿಯವರೆಗೆ ಮುಂದಕ್ಕೆ ಓಡಿಸಬೇಕೋ ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಬೇಕು. ಶನಿವಾರ ಆ ಅಂಕಿ ಬಂದ ಕೂಡಲೇ ಗುಂಡಿ ಒತ್ತಬೇಕು. ನನ್ನ ಹೆಂಡತಿ ವಿಮಲಾ ಅಡುಗೆಮನೆಯಿಂದ ಇಣುಕಿ, "ಗುರುವಾರ ರಾಯರ ವಾರ. ನೀವು ನೋಡ್ತಿರೋದು ನೋಡಿ!" ಅನ್ನುತ್ತಿದ್ದಳು. ಸಮಾಜಸೇವೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಮಕ್ಕಳೆಲ್ಲ ನನ್ನನ್ನು 'ಫಾರ್ವರ್ಡ್ ಅಂಕಲ್' ಎಂದು ಕರೆದರು. ಈಗ ಅವರೇ ಐವತ್ತರ ಹತ್ತಿರ ಬಂದಿದ್ದಾರೆ, ಹೆಸರು ಬದಲಾಗಿಲ್ಲ.

ಒಂದು ಸಲ ಮಾತ್ರ ಎಡವಟ್ಟಾಯಿತು. ಯಾರದೋ ಮಗು ಅಂಕಿಯಂತ್ರದ ಗುಂಡಿ ಒತ್ತಿ ನಡುವೆಯೇ ಸೊನ್ನೆ ಮಾಡಿಬಿಟ್ಟಿತ್ತು, ನಾನು ನೋಡಿಕೊಳ್ಳಲಿಲ್ಲ. ಚೀಟಿ ಹೇಳಿದಂತೆ ಶ್ರದ್ಧೆಯಿಂದ ಓಡಿಸಿದೆ. ಚರ್ಚಿನ ಪ್ರಾರ್ಥನೆ ಹೋಯಿತು, ತಾಯಿಯ ಸಾವು ಹೋಯಿತು, ಯಾವುದು ಹೋಗಬೇಕಿತ್ತೋ ಅದು ಮಾತ್ರ ನಿಧಾನವಾಗಿ, ಪೂರ್ತಿಯಾಗಿ, ದೊಡ್ಡ ಟಿ.ವಿ.ಯ ಮೇಲೆ ನಡೆಯಿತು. ದಾವಣಗೆರೆಯಿಂದ ಬಂದಿದ್ದ ಖಲೀಲನ ಅತ್ತೆ ತಸ್ಬಿಯ ಜಪಮಣಿ ಎಣಿಸುವುದನ್ನು ನಿಲ್ಲಿಸಿ, "ಪಾಪ, ಅಲ್ಲಿ ಚಳಿ ಜಾಸ್ತಿ ಇರ್ಬೇಕು" ಅಂದರು. ಆ ತಾಯಿಯ ದೊಡ್ಡತನವನ್ನು ನಾನು ಇವತ್ತಿಗೂ ಮರೆತಿಲ್ಲ.

ಹೀಗೆ ಎರಡು ಮೂರು ವರ್ಷ ಗುಂಡಿ ಒತ್ತಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಕೆಲವು ಚಿತ್ರಗಳ ಚೀಟಿ ಪೂರ್ತಿ ಖಾಲಿ ಇರುತ್ತಿತ್ತು. ಪ್ರೇಮಕಥೆಯೇ, ಆದರೆ ಓಡಿಸಲು ಏನೂ ಇಲ್ಲ. ಅವುಗಳಲ್ಲಿ ಬಹುಪಾಲು ಒಂದೇ ಜಾತಿಯವು: ಗಂಡು ಕಪ್ಪು, ಹೆಣ್ಣು ಬಿಳಿ. ಇಬ್ಬರೂ ಬಿಳಿಯರಾದರೆ ಹತ್ತನೇ ನಿಮಿಷಕ್ಕೆ ನನಗೆ ಕೆಲಸ ಬರುತ್ತಿತ್ತು. ಒಬ್ಬರು ಕಪ್ಪಾದರೆ ಎರಡು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಕಿಟಕಿಯ ಹೊರಗೆ ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಮುಗಿಯಿತು. ನನಗಿಂತ ಮೊದಲೇ ಯಾರೋ ಕೂತು ಓಡಿಸಬೇಕಾದದ್ದನ್ನೆಲ್ಲ ಓಡಿಸಿಬಿಟ್ಟಿದ್ದರು. ನಮ್ಮ ಗುಂಪಿಗೆ ಇಂಥ ಚಿತ್ರಗಳೆಂದರೆ ಬಲು ಪ್ರೀತಿ. "ಕ್ಲೀನ್ ಪಿಕ್ಚರ್ ಕಣ್ರೀ, ಎಷ್ಟು ಸಭ್ಯವಾಗಿ ತೆಗ್ದಿದ್ದಾರೆ" ಅನ್ನುತ್ತಿದ್ದರು. ನಾನೂ ಹೌದೆಂದಿದ್ದೇನೆ.

ಸಭ್ಯತೆಯ ಈ ಪಾಠ ನನಗೆ ತಿಪಟೂರಿನ ಟೆಂಟಿನಲ್ಲೇ ಆಗಿತ್ತು. ನಾಯಕ ನಾಯಕಿಯ ಹತ್ತಿರ ಹೋದರೆ ಕ್ಯಾಮೆರಾ ಎರಡು ಹೂವಿನ ಕಡೆಗೆ ತಿರುಗುತ್ತಿತ್ತು. ಅದೂ ಸಾಲದೆಂದು ಅಮ್ಮ ಸೆರಗಿನಿಂದ ನನ್ನ ಕಣ್ಣು ಮುಚ್ಚುತ್ತಿದ್ದಳು. ಹೂವನ್ನು ನೋಡಲೂ ಅಪ್ಪಣೆಯಿಲ್ಲದ ಬಾಲ್ಯ ನನ್ನದು. ಬಣ್ಣದ ಪಾಠವೂ ಮನೆಯಲ್ಲೇ ಆಯಿತು. ನಾನು ಹುಟ್ಟಾ ಕಪ್ಪು. ವಿಮಲಾಳನ್ನು ನೋಡಲು ಹೋದಾಗ ಅವಳ ಸೋದರತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ, ಹೊರಗಿದ್ದವರಿಗೆಲ್ಲ ಕೇಳುವಂತೆ, "ಕಪ್ಪಾದ್ರೂ ಲಕ್ಷಣವಾಗಿದ್ದಾನೆ" ಅಂದರು. ಡಾಕ್ಟರು ಬೇರೆ. ಹಾಗಾಗಿ ಪಾಸಾದೆ. ಕಪ್ಪು ಮನುಷ್ಯನಿರುವ ಇಂಗ್ಲಿಷ್ ಚಿತ್ರಗಳನ್ನು ನೋಡುವಾಗೆಲ್ಲ ನನಗೆ ಆ ಸೋದರತ್ತೆ ಕಾಣುತ್ತಿದ್ದರು. ಕಪ್ಪಾದರೂ ಡಾಕ್ಟರು, ಕಪ್ಪಾದರೂ ಎಂಜಿನಿಯರು, ಕಪ್ಪಾದರೂ ಏನು ಚೆಂದದ ಇಂಗ್ಲಿಷು!

ನನ್ನ ಗೆಳೆಯ ಕ್ವಾಮೆ ಇಂಥವನಲ್ಲ. ಅವನ ವಿಷಯ ಹೇಳಬೇಕೆಂದರೆ ಅಡಿಲೇಡ್‌ಗೆ ಹೋಗಬೇಕು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನೂ ವಿಮಲಾಳೂ ಅಲ್ಲಿಗೆ ಬಂದಿಳಿದಾಗ ಬಿಳಿಯರಿಗಷ್ಟೇ ಎಂದು ಮುಚ್ಚಿದ್ದ ದೇಶದ ಬಾಗಿಲು ಆಗಷ್ಟೇ ತೆರೆದಿತ್ತು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಪಕ್ಕದ ಕೋಣೆ ಕ್ವಾಮೆಯದು. ಘಾನಾ ದೇಶದವನು, ಶಸ್ತ್ರಚಿಕಿತ್ಸಕ. ಆಪರೇಷನ್ ಥಿಯೇಟರಿನಲ್ಲಿ ನಾನು ಮಲಗಿಸಿದವರನ್ನು ಅವನು ಕೊಯ್ಯುತ್ತಿದ್ದ. ಕೈ ಬಂಗಾರ, ಬಾಯಿ ಬೆಂಕಿ. ಅಡುಗೆಗೆ ನಿಂತರೆ ಪಾತ್ರೆ ಸೀಯಿಸುತ್ತಿದ್ದ, ಕೇರಂ ಆಡಿದರೆ ಮೋಸ ಮಾಡುತ್ತಿದ್ದ, ಸಿಕ್ಕಿಬಿದ್ದರೆ ನನ್ನ ಮೇಲೇ ರೇಗುತ್ತಿದ್ದ. ಅವನ ಗೊರಕೆ ಗೋಡೆ ದಾಟಿ ಬರುತ್ತಿತ್ತು. ಜಗತ್ತಿನಲ್ಲಿ ನನಗೆ ಅವನಷ್ಟು ಪ್ರೀತಿಯ ಗೆಳೆಯ ಇನ್ನೊಬ್ಬನಿಲ್ಲ.

ಅದೇ ಥಿಯೇಟರಿನ ನರ್ಸು ಜಿಲ್. ಅಡಿಲೇಡ್‌ನಿಂದ ಮೂರು ಗಂಟೆ ದಾರಿಯ ಗೋಧಿ ಬೆಳೆಯುವ ಊರಿನವಳು, ಬಿಳಿಯಳು. ಕ್ವಾಮೆ ಕತ್ತರಿ ಎಸೆದು ಕೂಗಾಡಿದರೆ ಅದನ್ನೆತ್ತಿ ಅವನ ಕೈಗೇ ಕೊಟ್ಟು, "ಮತ್ತೆ ಎಸೀರಿ ಡಾಕ್ಟರ್, ಇದು ಸರಿಯಾಗಿ ಬೀಳಲಿಲ್ಲ" ಅಂದವಳು ಅವಳೊಬ್ಬಳೇ. ಆರು ತಿಂಗಳಲ್ಲಿ ಮದುವೆಯ ಮಾತು ಬಂತು.

ನಾವು ನಾಲ್ವರೂ ಶನಿವಾರ ಸಿನಿಮಾಕ್ಕೆ ಹೋಗುತ್ತಿದ್ದೆವು. ಕೂರುವ ಕ್ರಮ ಯಾರೂ ಹೇಳದೆ ತಾನೇ ಗೊತ್ತಾಗಿತ್ತು. ಈ ತುದಿಗೆ ಕ್ವಾಮೆ, ಆ ತುದಿಗೆ ಜಿಲ್, ನಡುವೆ ನಾನೂ ವಿಮಲಾಳೂ. ಅವರಿಬ್ಬರು ಒಟ್ಟಿಗೆ ಕೂತರೆ ಹಿಂದಿನ ಸಾಲಿನವರು ಸಿನಿಮಾ ಬಿಟ್ಟು ಅವರನ್ನೇ ನೋಡುತ್ತಿದ್ದರು. ಕಡಲೆಕಾಯಿಯ ಪೊಟ್ಟಣ ಈ ಕೈಯಿಂದ ಆ ಕೈಗೆ ನಮ್ಮ ತೊಡೆಗಳ ಮೇಲೆ ಹಾದುಹೋಗುತ್ತಿತ್ತು. ತೆರೆಯ ಮೇಲೂ ಒಮ್ಮೊಮ್ಮೆ ಇಂಥದೇ ಜೋಡಿ ಬರುತ್ತಿತ್ತು. ಒಂದು ದಿನ ಹೊರಗೆ ಬಂದು ಕ್ವಾಮೆ, "ಒಂದು ಗಮನಿಸಿದ್ಯಾ? ಈ ಸಿನಿಮಾಗಳಲ್ಲಿ ಕಪ್ಪು ಮನುಷ್ಯ ಯಾವತ್ತೂ ಹೊಟ್ಟೆತುಂಬ ಊಟ ಮಾಡಲ್ಲ. ಲೇಟಾಗಿ ಬರಲ್ಲ. ಯಾರಿಗೂ ಬೈಯಲ್ಲ" ಅಂದ.

"ಒಳ್ಳೇ ಮನುಷ್ಯ ಅಂತ ತೋರಿಸ್ತಾರೆ, ಅದರಲ್ಲಿ ತಪ್ಪೇನಿದೆ?" ಅಂದೆ.

"ನನಗೆ ಹಸಿವಾಗಿದೆ. ನನಗೆ ಕೋಪಾನೂ ಬಂದಿದೆ. ಆದ್ರೂ ಅವಳು ನನ್ನ ಮದುವೆ ಆಗ್ತಾಳೆ" ಅಂದ ಕ್ವಾಮೆ. ಜಿಲ್, "ಇನ್ನೂ ಯೋಚಿಸ್ತಿದೀನಿ" ಅಂದಳು.

ರಿಜಿಸ್ಟರ್ ಮದುವೆಗೆ ಸಾಕ್ಷಿ ಹಾಕಿದ್ದು ನಾನು ಮತ್ತು ವಿಮಲಾ. ಜಿಲ್ ಕಡೆಯಿಂದ ಯಾರೂ ಬರಲಿಲ್ಲ. ತಂದೆ ವಾಲ್ಟರ್ ಅವಳ ಹೆಸರೆತ್ತಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರಂತೆ. ತಾಯಿ ಊರ ಬಸ್ಸಿನಲ್ಲಿ ಒಂದು ದೊಡ್ಡ ಕೇಕು ಕಳುಹಿಸಿದ್ದರು, ಕಳುಹಿಸಿದವರ ಹೆಸರಿರಲಿಲ್ಲ. ಜಿಲ್ ಡಬ್ಬಿಯ ದಾರದ ಗಂಟು ನೋಡಿ, "ಅಮ್ಮನ ಗಂಟು" ಅಂದಳು. ನಾವು ಎರಡು ವಾರ ಆ ಕೇಕು ತಿಂದೆವು. ಕೆಲವು ವರ್ಷದ ಮೇಲೆ ಆ ತಾಯಿ ತೀರಿಕೊಂಡಾಗ ಜಿಲ್‌ಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ.

ಆಮೇಲೆ ಅವರು ಬ್ರಿಸ್ಬೇನ್‌ಗೆ ಹೋದರು, ಕಾಲ ಕೂಡಿಬಂದು ನಾನೂ ಎರಡು ವರ್ಷ ಅಲ್ಲಿದ್ದೆ. ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಯ ಒಂದು ಹಳೆಯ ಚಿತ್ರಮಂದಿರದಲ್ಲಿ ನಮ್ಮ ಶನಿವಾರಗಳು ಮುಂದುವರಿದವು, ಕೂರುವ ಕ್ರಮ ಮಾತ್ರ ಬದಲಾಯಿತು. ಮದುವೆಯಾದವರು ಒಟ್ಟಿಗೇ ಕೂತರು. ನೋಡುವವರು ನೋಡಿದರು.

ಅಲ್ಲಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬ ಹೆಂಗಸಿದ್ದರು, ಈ ನೆಲದ ಮೂಲನಿವಾಸಿ. ಎಲ್ಲರೂ ಅವರನ್ನು ಆಂಟಿ ಮೇ ಎನ್ನುತ್ತಿದ್ದರು. ಹಿರಿಯ ಹೆಂಗಸರನ್ನು ನಮ್ಮ ಹಾಗೆಯೇ ಆಂಟಿ ಎಂದು ಕರೆಯುವ ಜನ ಈ ದೇಶದಲ್ಲಿ ಮೂಲನಿವಾಸಿಗಳು ಮಾತ್ರ, ಹಾಗಾಗಿ ನನ್ನ ನಾಲಗೆಗೆ ಸುಲಭವಾಯಿತು. ಆ ವಾರ ನಾವು ನೋಡಿದ್ದು ಇಲ್ಲಿಯದೇ ಚಿತ್ರ: ಬಿಳಿಯ ದನಗಾಹಿಗೆ ಒಬ್ಬ ಕಪ್ಪು ಮೂಲನಿವಾಸಿ ಹುಡುಗಿಯ ಮೇಲೆ ಪ್ರೀತಿ. ಹುಡುಗಿಗೆ ಮಾತೇ ಇಲ್ಲ. ದೂರ ನೋಡುತ್ತಾಳೆ, ಆಮೇಲೆ ಹೊಳೆಯ ಪಕ್ಕ ಸಾಯುತ್ತಾಳೆ. ಕಥೆ ಕೇಳಿ ಆಂಟಿ ಮೇ ಒರೆಸುವ ಕೋಲಿಗೆ ಗದ್ದ ಊರಿ ನಕ್ಕರು. "ಸಿನಿಮಾದಲ್ಲಿ ನಾವು ಬೇಗ ಸಾಯ್ತೀವಿ ಡಾಕ್ಟರೇ. ನಾನು ಇಬ್ಬರು ಗಂಡಂದಿರನ್ನ ಮಣ್ಣು ಮಾಡಿದೆ. ಇಬ್ಬರೂ ಬಿಳಿಯರೇ, ಇಬ್ಬರೂ ದಂಡಪಿಂಡಗಳೇ" ಅಂದರು. ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಹಾದಿ ತಪ್ಪಿದೆ, ಪರ್ತ್‌ಗೆ ಬರೋಣ. ನಾನು ಇಲ್ಲಿಗೆ ಬಂದು ಫಾರ್ವರ್ಡ್ ಅಂಕಲ್ ಆಗಿದ್ದ ಕಾಲದಲ್ಲಿ ಒಂದು ದಿನ ಜಿಲ್ ಬ್ರಿಸ್ಬೇನ್‌ನಿಂದ ಫೋನು ಮಾಡಿದಳು. ಡಿಸೆಂಬರಿನಲ್ಲಿ ಅವರು ದೇಶ ಬಿಡುತ್ತಾರೆ. ಕ್ವಾಮೆಗೆ ಅವನ ಊರಿನ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿದೆ, ಇನ್ನು ಬದುಕು ಅಲ್ಲೇ. ಮಗ ಸ್ಯಾಮ್‌ಗೆ ನಾಲ್ಕು ವರ್ಷ. ತಂದೆ ವಾಲ್ಟರ್ ಹೊಲ ಮಾರಿ ಈಗ ಪರ್ತ್‌ನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದಾರೆ. "ಒಂದು ಸಲ ಅಪ್ಪ ಸ್ಯಾಮ್‌ನ ನೋಡಲಿ. ಕ್ಷಮಿಸೋದೂ ಬೇಡ, ಮಾತಾಡೋದೂ ಬೇಡ. ನೋಡಿದ್ರೆ ಸಾಕು. ನನ್ನ ಫೋನ್ ಅವರು ತಗೊಳ್ಳಲ್ಲ. ನೀನು ಡಾಕ್ಟರು, ನಿನ್ನ ಮಾತು ಕೇಳ್ತಾರೆ" ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋದೆ. ಎಪ್ಪತ್ತೈದರ ಎತ್ತರದ ಮುದುಕರು, ಹಿತ್ತಲಲ್ಲಿ ಟೊಮೆಟೊ ಬೆಳೆದಿದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅಭ್ಯಾಸಬಲದಿಂದ "ಅಂಕಲ್" ಅಂದುಬಿಟ್ಟೆ. ನಾನು ಯಾರನ್ನು ಕರೆದೆ ಎಂದು ಅವರು ಹಿಂದೆ ತಿರುಗಿ ನೋಡಿದರು. ನಾನು ಜಿಲ್‌ನ ಸ್ನೇಹಿತ ಎಂದು ಮೊದಲೇ ಹೇಳಿದೆ. ಅವರು ಕೇಳಿಸದವರಂತೆ ನೀರು ಹಾಕಿದರು. ಎರಡನೇ ಸಲ ಹೋದಾಗ ಟೊಮೆಟೊ ಕೊಟ್ಟರು. ಮೂರನೇ ಸಲ ಮಂಡಿ ನೋವಿನ ವಿಷಯ ತೆಗೆದರು. ನಾಲ್ಕನೇ ಸಲ ಬೇಲಿಗೆ ಒರಗಿ ಹೇಳಿದರು: "ನಿಮ್ಮ ಜನ ಬುದ್ಧಿವಂತರು, ಡಾಕ್. ನೀವು ನಿಮ್ಮವರನ್ನೇ ಮದುವೆ ಆಗ್ತೀರಿ."

ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಟಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೆ ಆಗ ನನ್ನ ತಲೆಯಲ್ಲಿ ಬೇರೆಯೇ ಯೋಜನೆ ಇತ್ತು. ವಾದ ಮಾಡಿ ಈ ಮನುಷ್ಯನನ್ನು ಗೆಲ್ಲಲಾಗದು, ಇವರಿಗೊಂದು ಸಿನಿಮಾ ತೋರಿಸಬೇಕು! ಶನಿವಾರ ಬನ್ನಿ, ಎಂದೆ. ಆಶ್ಚರ್ಯವೆಂದರೆ ಅವರು ಒಪ್ಪಿದರು. ಒಂಟಿ ಮುದುಕರಿಗೆ ಶನಿವಾರಗಳು ಉದ್ದವಿರುತ್ತವೆ.

ಯಾವ ಸಿನಿಮಾ? ನನ್ನ ಮುಂದೆ ಎರಡಿದ್ದವು. ಮೊದಲನೆಯದರಲ್ಲಿ ಒಬ್ಬ ಕಪ್ಪು ಬಸ್ ಡ್ರೈವರು, ಒಬ್ಬಳು ಬಿಳಿಯ ದರ್ಜಿ. ಜಗಳವಾಡುತ್ತಾರೆ, ಮುತ್ತಿಡುತ್ತಾರೆ, ಅನ್ನ ಸೀಯಿಸುತ್ತಾರೆ, ಮಗು ಹೆರುತ್ತಾರೆ, ಮತ್ತೆ ಜಗಳವಾಡುತ್ತಾರೆ. ದೊಡ್ಡ ಹೆಸರೇನೂ ಮಾಡದ ಚಿತ್ರ. ಅದರ ಚೀಟಿಯಲ್ಲಿ ಒಂಬತ್ತು ಸಾಲು ಅಂಕಿ. ವಿಮಲಾ ಚೀಟಿ ನೋಡಿ, "ಇದನ್ನ ಹಾಕಿದ್ರೆ ನೀವು ಓಡಿಸ್ತಾನೇ ಇರ್ಬೇಕು. ಉಳಿಯೋದು ಬರೀ ಮೇಜು ಕುರ್ಚಿ" ಅಂದಳು. ಎರಡನೆಯದು ಎಲ್ಲ ಊರಲ್ಲೂ ತಿಂಗಳುಗಟ್ಟಲೆ ಓಡಿದ್ದು. ಒಂದು ಊರಿಗೆ ಸೇತುವೆ ಕಟ್ಟಲು ಬಂದ ಕಪ್ಪು ಎಂಜಿನಿಯರು, ಅಂಚೆಕಚೇರಿಯಲ್ಲಿ ಕೂರುವ ಬಿಳಿಯ ಹುಡುಗಿ. ನಡುವೆ ಸದಾ ಕೌಂಟರಿನ ಕಂಬಿ. ಅಂಚೆಚೀಟಿ ಕೊಡುವಾಗ ಒಂದು ಸಲ ಬೆರಳು ತಾಗುತ್ತದೆ, ಅಷ್ಟಕ್ಕೇ ಪಿಟೀಲು ಮೊಳಗುತ್ತದೆ. ಪ್ರವಾಹ ಬಂದಾಗ ಅವನು ಇಡೀ ಊರನ್ನು ಉಳಿಸುತ್ತಾನೆ. ಚೀಟಿ ಖಾಲಿ. "ಇದೇ ಸರಿ, ಮಕ್ಕಳೂ ಇರ್ತಾರೆ" ಅಂದ ಖಲೀಲ್. ಹೌದಲ್ಲ, ಅಂದುಕೊಂಡೆ. ಒಂಬತ್ತು ವರ್ಷದ ಹಟವನ್ನು ಕರಗಿಸಲು ಹೊರಟವನು ಚಿತ್ರವನ್ನು ಆರಿಸಿದ್ದು, ಖಲೀಲನ ಅತ್ತೆಗೆ ಮುಜುಗರವಾಗುತ್ತದೋ ಇಲ್ಲವೋ ಎಂದು ನೋಡಿ.

ಶನಿವಾರ ವಾಲ್ಟರ್ ಟೈ ಕಟ್ಟಿಕೊಂಡು ಬಂದರು. ಸೋಫಾದಲ್ಲಿ ಅವರಿಗೆ ಜಾಗವಾಯಿತು, ಕೈಗೆ ಬೋಂಡಾ ಬಂತು. ನಾನು ಸಿನಿಮಾ ನೋಡಲಿಲ್ಲ, ಅವರ ಮುಖವನ್ನೇ ನೋಡಿದೆ. ಪ್ರವಾಹದ ಹೊತ್ತಿಗೆ ಅವರು ಮುಂದಕ್ಕೆ ಬಾಗಿದ್ದರು. ಕೊನೆಯಲ್ಲಿ ಎಂಜಿನಿಯರು ಹುಡುಗಿಗೆ ಊರವರಿಂದ ಮಾತು ಬಾರದಿರಲೆಂದು, ತಾನೇ ಕಟ್ಟಿದ ಸೇತುವೆಯ ಮೇಲೆ ಬಸ್ಸು ಹತ್ತಿ ಹೊರಟುಹೋಗುತ್ತಾನೆ. ಮುದುಕರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನನಗೆ ಸಂತೋಷ ತಡೆಯಲಾಗಲಿಲ್ಲ. ಕೆಲಸ ಆಯಿತು ಎಂದು ವಿಮಲಾಳಿಗೆ ಕಣ್ಣಲ್ಲೇ ಸನ್ನೆ ಮಾಡಿದೆ.

ಅವರನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಕೇಳಿದೆ: "ಹೇಗನ್ನಿಸ್ತು?"

"ಒಳ್ಳೆಯ ಮನುಷ್ಯ" ಅಂದರು ವಾಲ್ಟರ್. "ಅಂಥವನಿಗೆ ನಾನು ಎದ್ದುನಿಂತು ಕೈ ಕುಲುಕ್ತೀನಿ. ಯಾವಾಗ ಹೋಗ್ಬೇಕು ಅಂತ ಅವನಿಗೆ ಗೊತ್ತಿತ್ತು. ಹುಡುಗಿಗಾಗಿ ಹೊರಟುಹೋದ." ಆಮೇಲೆ, "ನಿಮ್ಮ ಸ್ನೇಹಿತನಿಗೆ ಅದು ಗೊತ್ತಾಗಲಿಲ್ಲ" ಅಂದರು.

ಮುದುಕರು ಸಿನಿಮಾವನ್ನು ಸರಿಯಾಗಿಯೇ ನೋಡಿದ್ದರು. ಅದು ಹೇಳಿದ್ದನ್ನೇ ಅವರು ಕೇಳಿಸಿಕೊಂಡಿದ್ದರು. ಅವನನ್ನು ದೇವರಂತೆ ಮಾಡಿ, ಮುಟ್ಟಗೊಡದೆ, ಊಟ ಕೊಡದೆ, ಕೊನೆಗೆ ಬಸ್ಸು ಹತ್ತಿಸಿ ಕಳುಹಿಸಿದ ಚಿತ್ರವದು. ಇಂಥ ಚಿತ್ರಗಳಿಗೆ ನಾನು ಹತ್ತು ವರ್ಷ ಕಣ್ಣೀರು ಹಾಕಿದ್ದೆ. ಇವರೂ ಹಾಕಿದರು. ನಮ್ಮಿಬ್ಬರ ಕಣ್ಣೀರಿನಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಜಿಲ್‌ಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವಳು, "ಸೇತುವೆ ಸಿನಿಮಾನಾ? ಅಯ್ಯೋ ದಡ್ಡ" ಅಂದಳು. ಹಿಂದಿನಿಂದ ಕ್ವಾಮೆಯ ಗಂಟಲು ಕೇಳಿತು: "ನಾನೂ ಬಸ್ಸು ಹತ್ತಬೇಕಿತ್ತಾ? ಕೇಳು ಅವನ್ನ! ಒಲೆ ಮೇಲೆ ಸಾರಿದೆ, ಅದನ್ನ ಯಾರು ನೋಡ್ಕೊಳ್ತಾರೆ?"

ಅವರ ವಿಮಾನ ಪರ್ತ್ ಮೂಲಕವೇ ಆಫ್ರಿಕಾಕ್ಕೆ ಹೋಗುವುದಿತ್ತು. ದಿನ, ಹೊತ್ತು ಬರೆದ ಕಾಗದವೊಂದನ್ನು ವಾಲ್ಟರ್ ಕೈಗೆ ಕೊಟ್ಟು ಬಂದೆ. ಅವರು ಅದನ್ನು ಓದದೆ ಜೇಬಿಗೆ ಹಾಕಿಕೊಂಡರು.

ಆ ಮಧ್ಯಾಹ್ನ ನಾನೂ ವಿಮಲಾಳೂ ವಿಮಾನ ನಿಲ್ದಾಣದಲ್ಲಿದ್ದೆವು. ಸ್ಯಾಮ್ ಸೂಟ್‌ಕೇಸಿನ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಜಿಲ್ ಮಾತಿನ ನಡುವೆ ಬಾಗಿಲ ಕಡೆ ನೋಡುತ್ತಿದ್ದಳು. ಕ್ವಾಮೆ ಚಹಾ ಕೆಟ್ಟದಾಗಿದೆಯೆಂದು ಬೈಯುತ್ತಿದ್ದ. ಹೊರಡಲು ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಯಾಕೋ ತಲೆಯೆತ್ತಿದೆ. ಕಳುಹಿಸಲು ಬಂದವರು ನಿಂತು ನೋಡಲು ಮೇಲಂತಸ್ತಿನಲ್ಲಿ ಗಾಜಿನ ಗೋಡೆಯಿತ್ತು. ಅದರ ಹಿಂದೆ, ಟೋಪಿ ಕೈಯಲ್ಲಿ ಹಿಡಿದು, ಟೈ ಕಟ್ಟಿಕೊಂಡು ವಾಲ್ಟರ್ ನಿಂತಿದ್ದರು. ಸ್ಯಾಮ್‌ನನ್ನೇ ನೋಡುತ್ತಿದ್ದರು.

ಬಾತ್‌ರೂಮಿಗೆ ಹೋಗಿಬರುತ್ತೇನೆಂದು ಹೇಳಿ ಮೆಟ್ಟಿಲು ಹತ್ತಿದೆ. "ಕೆಳಗೆ ಬನ್ನಿ, ಇನ್ನೂ ಹೊತ್ತಿದೆ" ಅಂದೆ.

ಅವರು ಬೇಡವೆಂದು ತಲೆಯಾಡಿಸಿದರು. "ನೋಡಿದೆನಲ್ಲ, ಸಾಕು. ಅವಳಿಗೆ ಹೇಳ್ಬೇಡಿ, ಡಾಕ್. ಹೀಗೇ ಮರ್ಯಾದೆ."

ಜಿಲ್ ಕೇಳಿದ್ದೂ ಅಷ್ಟೇ ಅಲ್ಲವೇ, ನೋಡಿದರೆ ಸಾಕು ಎಂದು. ನೋಡಿಯಾಯಿತು. ಕೆಳಗಿಳಿದು ಬಂದೆ, ಬಾಯಿ ಮುಚ್ಚಿಕೊಂಡು ನಿಂತೆ. ಯಾರಿಗೂ ಮುಜುಗರವಾಗದ ಹಾಗೆ ನಡೆದುಕೊಳ್ಳುವುದರಲ್ಲಿ ನಾನು ಪಳಗಿದವನು. ಕ್ವಾಮೆ ನನ್ನನ್ನು ದಿಟ್ಟಿಸಿ, "ಏನಾಯ್ತೋ? ಆಪರೇಷನ್ ಮಧ್ಯೆ ಎಚ್ಚರ ಆದ ರೋಗಿ ಥರ ಇದೀಯಲ್ಲ" ಅಂದ. ಆ ಗದರಿಕೆ ಕೇಳಿ ನನ್ನೊಳಗೆ ಏನೋ ಸಡಿಲವಾಯಿತು. ನಾನು ಮೇಲಕ್ಕೆ ಕೈ ತೋರಿಸಿದೆ.

ಕ್ವಾಮೆ ನೋಡಿದ. ಚಹಾದ ಲೋಟ ನನ್ನ ಕೈಗೆ ತುರುಕಿದ. ಸೂಟ್‌ಕೇಸಿನ ಮೇಲಿದ್ದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಹೋದ.

ಗಾಜಿನಾಚೆ ಏನು ನಡೆಯಿತೋ ನಮಗೆ ಕಂಡಿತೇ ಹೊರತು ಕೇಳಿಸಲಿಲ್ಲ. ಕ್ವಾಮೆ ಮುದುಕರ ಮುಖದೆದುರು ಬೆರಳಾಡಿಸುತ್ತಿದ್ದ. ಬಾಯಿ ದೊಡ್ಡದಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ವಾಲ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಅವರೂ ಏನೋ ಕೂಗಿದರು. ಪಕ್ಕದಲ್ಲಿದ್ದವರು ದೂರ ಹೋದರು. ಜಿಲ್ ನನ್ನ ತೋಳು ಹಿಡಿದುಕೊಂಡು, "ಅಪ್ಪಂಗೆ ಬೈತಿದಾನೆ ಅಲ್ವಾ?" ಅಂದಳು. "ಹೌದು" ಅಂದೆ. "ಚೆನ್ನಾಗಿ ಬೈಲಿ" ಅಂದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಗ ಕ್ವಾಮೆ ಮಗುವನ್ನು ಎತ್ತಿ ಮುದುಕರ ಎದೆಗೆ ತುರುಕಿದ. ಹಿಡಿಯದಿದ್ದರೆ ಬೀಳುತ್ತಿತ್ತು. ಅವರು ಹಿಡಿದರು. ಟೋಪಿ ಬಿತ್ತು. ಜಿಲ್ ನನ್ನ ತೋಳು ಬಿಟ್ಟು ಮೆಟ್ಟಿಲ ಕಡೆ ಓಡಿದಳು.

ಅಷ್ಟರಲ್ಲಿ ವಿಮಾನಕ್ಕೆ ಕರೆ ಬಂತು. ಅವರಿಗೆ ಸಿಕ್ಕಿದ್ದು ಹನ್ನೆರಡೋ ಹದಿಮೂರೋ ನಿಮಿಷ.

ವಾಲ್ಟರನ್ನು ಮನೆಗೆ ಬಿಟ್ಟದ್ದು ನಾವೇ. ವಿಮಲಾ ಹಿಂದೆ ಕೂತಳು, ಅವರು ಮುಂದೆ. 'ನಿಮ್ಮ ಮಾತು ಮೀರಿದೆ, ಕ್ಷಮಿಸಿ' ಎನ್ನಬೇಕೆಂದುಕೊಂಡೆ, ಆದರೆ ನನಗೆ ಪಶ್ಚಾತ್ತಾಪವೇ ಆಗಿರಲಿಲ್ಲ. ಗೇಟಿನ ಮುಂದೆ ಕಾರು ನಿಂತರೂ ಅವರು ಇಳಿಯಲಿಲ್ಲ. "ಅಲ್ಲಿಗೆ ಕಾಗದ ಹಾಕಿದ್ರೆ ಎಷ್ಟು ದಿನಕ್ಕೆ ಸಿಗುತ್ತೆ?" ಅಂದರು. ಎರಡು ಮೂರು ವಾರ ಆಗಬಹುದು ಅಂದೆ. "ವಿಳಾಸ ಇದೆಯಾ?" ಅಂದರು.

ಇತ್ತು. ಹೊಸ ಹಾಳೆಯೊಂದನ್ನು ಹರಿದು ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿ, ತುಟಿಯಲ್ಲೇ ಒಂದೊಂದು ಅಕ್ಷರವನ್ನೂ ಓದಿದರು. ಇವರಿಗೆ ಇಷ್ಟೇ ರುಚಿಸೀತು ಎಂದುಕೊಂಡು, ಕೇಳದೆಯೇ, ನಾನು ಜಿಲ್ ಹೆಸರೊಂದನ್ನೇ ಬರೆದಿದ್ದೆ. ಅವರು ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇಬ್ಬರದೂ ಬರೀರಿ, ಡಾಕ್" ಅಂದರು.